ಬೀಗ, ಬೀಗದಕೈ ಮತ್ತು ಬರಿಗೈ

ಕೃಷ್ಣರಾಜಪುರದ ತೂಗುಸೇತುವೆಯ ಸುತ್ತಮುತ್ತಣ ಪ್ರದೇಶವು ಎರಡು ಯುಗಗಳ ಕುಶಲಕರ್ಮವನ್ನು ಒಂದೇ ನೋಟಕ್ಕೆ ಒದಗಿಸುವಂಥದು. ಒಂದು ಮಗ್ಗುಲಿಗೆ, 1948ರಲ್ಲಿ ಸ್ಥಾಪಿತವಾಗಿ ದೇಶದ ದೂರವಾಣಿ ಜಾಲಕ್ಕೆ ಯಂತ್ರಗಳನ್ನು ಒದಗಿಸಿದ ಐ.ಟಿ.ಐ. ಕಾರ್ಖಾನೆಯ ದೂರವಾಣಿನಗರ; ಇನ್ನೊಂದು ಮಗ್ಗುಲಿಗೆ, ಸಣ್ಣ ಕೈಗಾರಿಕೆಗಳ ಶೆಡ್ಡುಗಳೂ ಗಾಜಿನ ಹೊದಿಕೆಯ ತಂತ್ರಾಂಶ ಸೌಧಗಳೂ ಒತ್ತೊತ್ತಾಗಿ ನಿಂತ ಮಹದೇವಪುರ, ಗರುಡಾಚಾರ್‌ಪಾಳ್ಯ, ಹೂಡಿ. ಮೊದಲನೆಯದರಲ್ಲಿ ಲೋಹವನ್ನು ಮಿಲಿಮೀಟರಿನ ನೂರರಲ್ಲೊಂದು ಪಾಲಿನವರೆಗೆ ಅಳೆದು ಕಡೆಯುವ ಕೈಗಳು ಪಳಗಿದುವು. ಎರಡನೆಯದರಲ್ಲಿ ಕಣ್ಣಿಗೆ ಕಾಣದ ಸಂಕೇತಗಳಿಂದಲೇ ಬಾಗಿಲು ಹಾಕುವ ಮತ್ತು ತೆರೆಯುವ ಬುದ್ಧಿಗಳು ಪಳಗುತ್ತಿವೆ. ಈ ಎರಡು ಸಂಸ್ಕಾರಗಳೂ ಒಂದೇ ಮೇಜಿನ ಮೇಲೆ ಸಂಧಿಸುವ ವಿರಳವಾದ ವಿನೋದವೊಂದುಂಟು. ಅದಾವುದೆಂದರೆ, ತನ್ನ ಸ್ವಂತದ್ದಾದ ಬೀಗವೊಂದನ್ನು, ಅದರ ಬೀಗದಕೈಯ ಹಂಗಿಲ್ಲದೆ, ಮುರಿಯದೆ, ಬಗ್ಗಿಸದೆ, ಎರಡು ಸಣ್ಣ ಉಕ್ಕಿನ ಕಡ್ಡಿಗಳ ಸಹಾಯದಿಂದ ಬಿಡಿಸುವುದು.

ಈ ವಿನೋದಕ್ಕೆ ಕೈಯಿಟ್ಟ ತರುಣರ ಅನುಭವ ಬಹುಮಟ್ಟಿಗೆ ಒಂದೇ ಬಗೆಯದು. ಮೊಬೈಲಿನ ಪರದೆಯ ಮೇಲೆ ಯಾರೋ ಒಬ್ಬ ಕುಶಲಿ ಅರೆನಿಮಿಷದಲ್ಲಿ ಬೀಗವೊಂದನ್ನು ಕಳಚಿಟ್ಟುದನ್ನು ನೋಡಿ, ಆ ಸುಲಭತೆಗೆ ಮರುಳಾಗಿ, ಕಡ್ಡಿಗಳ ಒಂದು ಕಟ್ಟನ್ನು ತರಿಸಿಕೊಂಡು, ಕಚೇರಿಯಿಂದ ಬಂದ ರಾತ್ರಿ ದೀಪದ ಕೆಳಗೆ ಕುಳಿತರೆ, ಬೀಗವು ಕದಲುವುದೇ ಇಲ್ಲ. ವಾರ ಕಳೆದರೂ ಅದೇ ಮೌನ. ಆಗ ಒಬ್ಬನು ಬೀಗವನ್ನು ದೂಷಿಸುತ್ತಾನೆ, ಇನ್ನೊಬ್ಬನು ಕಡ್ಡಿಯನ್ನು, ಮತ್ತೊಬ್ಬನು ತನ್ನ ಬೆರಳುಗಳ ಜಡತೆಯನ್ನು. ಬೀಗ ಬಿಡದಿರುವುದಕ್ಕೆ ಕಾರಣಗಳು ಮೇಲ್ನೋಟಕ್ಕೆ ಹತ್ತಾರಾಗಿ ತೋರಿದರೂ, ಸಾವಧಾನವಾಗಿ ವಿಚಾರಿಸಿದರೆ ಅವುಗಳಲ್ಲಿ ಬಹುಪಾಲು ಒಂದೇ ಮೂಲದಿಂದ ಹೊರಡುತ್ತವೆ: ಬೀಗ ಹೇಳುವುದನ್ನು ಕೇಳಬೇಕಾದ ಹೊತ್ತಿನಲ್ಲಿ ಕೈಯು ತಾನೇ ಹೇಳಲು ಹೊರಡುತ್ತದೆ. ಆದಕಾರಣ ಈ ವಿದ್ಯೆಯಲ್ಲಿ ಬಹುತೇಕ ತೊಡಕುಗಳಿಗೆ ಪರಿಹಾರವು ಏನನ್ನಾದರೂ ಹೆಚ್ಚಿಸುವುದರಲ್ಲಿಲ್ಲ, ಕಡಿಮೆ ಮಾಡುವುದರಲ್ಲಿದೆ.

ತೊಡಕುಗಳ ವಿವರಕ್ಕೆ ತೊಡಗುವ ಮುನ್ನ ಎರಡು ನಿಯಮಗಳನ್ನು ಹೇಳಲೇಬೇಕು. 1997ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಈ ವಿನೋದವನ್ನೇ ಕ್ರೀಡೆಯಾಗಿ ಅಂಗೀಕರಿಸಿದ ಸಂಘವೊಂದು ಹುಟ್ಟಿತು. ಅನಂತರ ನೆದರ್ಲೆಂಡಿನಲ್ಲಿ ‘ಟೂಲ್’ ಎಂಬ ಹೆಸರಿನ ಬಳಗ ಬೆಳೆಯಿತು. ಇಂಥ ಬಳಗಗಳು ಎಲ್ಲೆಡೆಯೂ ಮೊದಲ ಪಾಠವಾಗಿ ಬೋಧಿಸುವುದು ಇವೆರಡನ್ನೇ: ನಿನ್ನದಲ್ಲದ ಬೀಗವನ್ನು ಮುಟ್ಟಬೇಡ, ನಿನ್ನದೇ ಆದರೂ ನಿತ್ಯದ ಬಳಕೆಯಲ್ಲಿರುವ ಬೀಗವನ್ನು ಅಭ್ಯಾಸಕ್ಕೆ ಎಳೆಯಬೇಡ. ಮೊದಲನೆಯದು ಧರ್ಮದ ಮಾತು. ಎರಡನೆಯದು ವಿವೇಕದ ಮಾತು. ಏಕೆಂದರೆ ಉಕ್ಕಿನ ಕಡ್ಡಿಯು ಹಿತ್ತಾಳೆಯ ಪಿನ್ನನ್ನು ಸವೆಯಿಸುತ್ತದೆ, ಮತ್ತು ಅಭ್ಯಾಸದ ನಡುವೆ ಕಚ್ಚಿಕೊಂಡ ಬೀಗವು ಮನೆಯವರನ್ನೆಲ್ಲ ಹೊರಗೆ ನಿಲ್ಲಿಸೀತು.

ಬೀಗ ಯಾವ ಜಾತಿಯದು?

ಹೊಸಬರ ವೈಫಲ್ಯಗಳಲ್ಲಿ ಮೊದಲನೆಯದು ಬೀಗಕ್ಕೆ ಕಡ್ಡಿಯನ್ನು ತಗುಲಿಸುವ ಮೊದಲೇ ನಡೆದುಹೋಗಿರುತ್ತದೆ. ಪರದೇಶದ ಚಿತ್ರಗಳಲ್ಲಿ ತೋರಿಸುವುದು ಸಾಮಾನ್ಯವಾಗಿ ಪಿನ್ ಬೀಗವನ್ನು. ಮಹದೇವಪುರದ ಹಾರ್ಡ್‌ವೇರ್ ಅಂಗಡಿಯಲ್ಲಿ ‘ಒಂದು ಬೀಗ ಕೊಡಿ’ ಎಂದರೆ ಅನೇಕ ವೇಳೆ ಕೈಗೆ ಬರುವುದು ಲಿವರ್ ಬೀಗ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದಲೂ ಬೀಗಕ್ಕೆ ಹೆಸರಾದ ಅಲಿಗಢ, 2019ರಲ್ಲಿ ತನ್ನ ಬೀಗಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ದಿಂಡಿಗಲ್ಲು, ವಕೀಲಿಯನ್ನು ತೊರೆದ ಅರ್ದೇಶಿರ್ ಗೋದ್ರೆಜ್ 1897ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಕಾರ್ಖಾನೆ — ಇವು ನಮ್ಮ ಜನಕ್ಕೆ ಪರಿಚಯಿಸಿದ ತೂಗುಬೀಗಗಳಲ್ಲಿ ದೊಡ್ಡ ಪಾಲು ಲಿವರ್ ಜಾತಿಯವು. ಅವುಗಳ ಒಡಲಲ್ಲಿ ಪಿನ್ನುಗಳಿಲ್ಲ. ಒಂದರ ಮೇಲೊಂದು ಜೋಡಿಸಿದ ತೆಳುವಾದ ತಗಡುಗಳಿವೆ, ಆ ತಗಡುಗಳೆಲ್ಲ ತಮ್ಮ ತಮ್ಮ ತಕ್ಕ ಎತ್ತರಕ್ಕೆ ಏರಿದಾಗ ಮಾತ್ರ ಕೊಂಡಿಯನ್ನು ಹಿಡಿದ ಅಗುಳಿಯು ಸರಿಯುತ್ತದೆ. ಇಂಥದಕ್ಕೆ ಪಿನ್ ಬೀಗದ ಕಡ್ಡಿಯನ್ನು ಹಾಕಿ ತಿಂಗಳು ಹೆಣಗಿದರೂ ಫಲವಿಲ್ಲ. ಅದಕ್ಕೆ ಬೇಕಾದ ಸಲಕರಣೆಯೇ ಬೇರೆ, ಕ್ರಮವೇ ಬೇರೆ.

ಜಾತಿಯನ್ನು ತಿಳಿಯಲು ಬೀಗವನ್ನು ಬಿಚ್ಚಬೇಕಾಗಿಲ್ಲ, ಅದರ ಕೈಯನ್ನು ನೋಡಿದರೆ ಸಾಕು. ದುಂಡನೆಯ ಅಥವಾ ಚಪ್ಪಟೆಯಾದ ಕಾಂಡದ ತುದಿಯಲ್ಲಿ ಮಾತ್ರ ಹಲ್ಲುಗಳುಳ್ಳದ್ದು ಲಿವರ್ ಬೀಗದ್ದು. ಹಳೆಯ ಉಕ್ಕಿನ ಬೀರುವಿನದು ಬಹುಶಃ ಇಂಥದೇ. ಅಲಗಿನ ಅಂಚಿನುದ್ದಕ್ಕೂ ಏರುತಗ್ಗಾಗಿ ಕೊರೆದದ್ದು ಪಿನ್ ಬೀಗದ್ದು. ಅಂಚು ನೇರವಾಗಿದ್ದು, ಅಗಲವಾದ ಮೈಮೇಲೆ ಸಣ್ಣ ಸಣ್ಣ ಗುಳಿಗಳಿದ್ದರೆ, ಈಚೆಗೆ ಅಪಾರ್ಟ್‌ಮೆಂಟುಗಳ ಬಾಗಿಲಲ್ಲಿ ಕಾಣಬರುವ ‘ಡಿಂಪಲ್’ ಎಂಬ ಪ್ರಭೇದ. ಅದೂ ಪಿನ್ ಬೀಗವೇ ಆದರೂ ಆರಂಭಿಕನಿಗೆ ತಕ್ಕದ್ದಲ್ಲ. ಮೇಜಿನ ಡ್ರಾಯರಿಗೂ ಅಂಚೆಪೆಟ್ಟಿಗೆಗೂ ಇರುವ ಪುಟ್ಟ ಬೀಗದೊಳಗೆ ಪಿನ್ನಿನ ಬದಲು ತೆಳ್ಳನೆಯ ಬಿಲ್ಲೆಗಳಿರುತ್ತವೆ. ಮೊದಲ ಅಭ್ಯಾಸಕ್ಕೆ ನಾಲ್ಕು ಅಥವಾ ಐದು ಪಿನ್ನುಗಳ ಸಾಧಾರಣ ಹಿತ್ತಾಳೆಯ ತೂಗುಬೀಗವನ್ನೋ, ಬಾಗಿಲಿಗೆ ಹಾಕದ ಬಿಡಿ ಸಿಲಿಂಡರನ್ನೋ ಆಯ್ದುಕೊಳ್ಳುವುದು ಲೇಸು. ಒಳಗೆಲ್ಲ ಕಾಣುವಂತೆ ಪಾರದರ್ಶಕವಾದ ಪ್ಲಾಸ್ಟಿಕ್ಕಿನಲ್ಲಿ ಮಾಡಿದ ಬೀಗಗಳು ತತ್ತ್ವವನ್ನು ತಿಳಿಸುವುದಕ್ಕೆ ಒಳ್ಳೆಯವು, ಆದರೆ ಅವು ಕಣ್ಣನ್ನು ಪಳಗಿಸುತ್ತವೆಯೇ ಹೊರತು ಬೆರಳನ್ನಲ್ಲ. ಅವುಗಳಲ್ಲಿ ಪಂಡಿತನಾದವನು ಲೋಹದ ಬೀಗದ ಮುಂದೆ ಮತ್ತೆ ಅಕ್ಷರಾಭ್ಯಾಸ ಮಾಡಬೇಕಾಗುತ್ತದೆ.

ಕೊರತೆಯಲ್ಲಿರುವ ದಾರಿ

ಪಿನ್ ಬೀಗದ ತತ್ತ್ವ ಪ್ರಾಚೀನ ಈಜಿಪ್ಟಿನ ಮರದ ಬೀಗಗಳಷ್ಟು ಹಳೆಯದು. ಅದಕ್ಕೆ ಇಂದಿನ ಅಡಕವಾದ ಲೋಹರೂಪವನ್ನು ಕೊಟ್ಟು, 1861 ಮತ್ತು 1865ರಲ್ಲಿ ಹಕ್ಕುಪತ್ರಗಳನ್ನು ಪಡೆದವನು ಅಮೆರಿಕದ ಕಿರಿಯ ಲೈನಸ್ ಯೇಲ್. ಹೊರಗೆ ಕದಲದ ಕವಚ. ಅದರೊಳಗೆ ತಿರುಗುವ ದುಂಡನೆಯ ಪ್ಲಗ್. ಎರಡನ್ನೂ ಹಾಯ್ದು ಕೊರೆದ ಐದಾರು ಕುಳಿಗಳು. ಒಂದೊಂದು ಕುಳಿಯಲ್ಲಿಯೂ ಒಂದರ ಮೇಲೊಂದು ನಿಂತ ಎರಡೆರಡು ಪಿನ್ನುಗಳು, ಅವನ್ನು ಕೆಳಕ್ಕೆ ಒತ್ತುವ ಒಂದೊಂದು ಸ್ಪ್ರಿಂಗ್. ಕೆಳಪಿನ್ನುಗಳ ಉದ್ದ ಒಂದರದಿದ್ದಂತೆ ಇನ್ನೊಂದರದಿಲ್ಲ. ತಕ್ಕ ಬೀಗದಕೈ ಒಳಹೊಕ್ಕಾಗ, ಪ್ರತಿಯೊಂದು ಜೋಡಿಯ ಸಂದೂ ಪ್ಲಗ್ಗಿಗೂ ಕವಚಕ್ಕೂ ನಡುವಣ ಗಡಿರೇಖೆಗೆ ಸರಿಯಾಗಿ ಬಂದು ನಿಲ್ಲುತ್ತದೆ; ಮೇಲ್ಪಿನ್ನುಗಳು ಕವಚದಲ್ಲಿಯೂ ಕೆಳಪಿನ್ನುಗಳು ಪ್ಲಗ್ಗಿನಲ್ಲಿಯೂ ಉಳಿದು, ಪ್ಲಗ್ ತಿರುಗುತ್ತದೆ. ಒಂದೇ ಒಂದು ಪಿನ್ನು ಗಡಿಯ ಮೇಲೆ ಅಡ್ಡಬಿದ್ದಿದ್ದರೂ ತಿರುಗುವುದಿಲ್ಲ.

ಇಷ್ಟೇ ಆಗಿದ್ದಲ್ಲಿ ಬರಿಗೈಯಿಂದ ಬೀಗ ಬಿಡಿಸುವ ಮಾತೇ ಇರುತ್ತಿರಲಿಲ್ಲ. ಶ್ಲೇಜ್ ಎಂಬ ಪ್ರಸಿದ್ಧ ಅಮೆರಿಕನ್ ಬೀಗದಲ್ಲಿ ಒಂದೊಂದು ಪಿನ್ನಿಗೂ ಹತ್ತು ಉದ್ದಗಳುಂಟು, ಒಂದಕ್ಕೂ ಮುಂದಿನದಕ್ಕೂ ಅಂತರ 0.015 ಅಂಗುಲ, ಎಂದರೆ ಮಿಲಿಮೀಟರಿನ ಅರ್ಧಕ್ಕಿಂತಲೂ ಕಡಿಮೆ. ಐದು ಪಿನ್ನುಗಳಿದ್ದರೆ ಗಣಿತದ ಲೆಕ್ಕದಲ್ಲಿ 1,00,000 ಸಂಯೋಜನೆಗಳು. ಆದರೆ ಮನುಷ್ಯನ ಯಂತ್ರ ಎಷ್ಟು ನಿಷ್ಕೃಷ್ಟವಾಗಿ ಕೊರೆದರೂ ಐದು ಕುಳಿಗಳು ಪರಿಪೂರ್ಣವಾದ ಒಂದೇ ಸರಳರೇಖೆಯಲ್ಲಿ ಬರುವುದಿಲ್ಲವೆಂಬುದು ಯಾವ ಟೂಲ್‌ರೂಮಿನ ಹಳೆಯ ಫಿಟ್ಟರನನ್ನು ಕೇಳಿದರೂ ಹೇಳುವ ಮಾತು. ಆ ಕೂದಲೆಳೆಯ ವ್ಯತ್ಯಾಸದಿಂದಾಗಿ, ಪ್ಲಗ್ಗನ್ನು ಹಗುರವಾಗಿ ತಿರುವಲು ಯತ್ನಿಸಿದಾಗ ಎಲ್ಲ ಪಿನ್ನುಗಳೂ ಏಕಕಾಲಕ್ಕೆ ಸಿಕ್ಕಿಕೊಳ್ಳದೆ, ಯಾವುದೋ ಒಂದು ಮಾತ್ರ ಮೊದಲು ಬಿಗಿಯುತ್ತದೆ. ಆ ಒಂದನ್ನು ಮೇಲೆತ್ತಿ ಗಡಿಗೆ ತಂದರೆ ಪ್ಲಗ್ ಕಾಣದಷ್ಟು ತಿರುಗಿ, ಅದರ ಮೇಲ್ಪಿನ್ನು ಅಂಚಿನ ಮೇಲೆ ಕೂತುಬಿಡುತ್ತದೆ. ಬಿಗಿತವು ಇನ್ನೊಂದಕ್ಕೆ ಹೋಗುತ್ತದೆ. ಹೀಗೆ ಮೊದಲ ಬಿಗಿಪಿನ್ನನ್ನು ಹುಡುಕಲು ಹೆಚ್ಚೆಂದರೆ ಐದು ಸ್ಪರ್ಶ, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಮೂರು, ಎಂದು ಕೂಡುತ್ತ ಹೋದರೆ ಲಕ್ಷದ ಸಮಸ್ಯೆ ಹದಿನೈದರ ಸಮಸ್ಯೆಯಾಗಿ ಇಳಿಯುತ್ತದೆ. ಪಾಸ್‌ವರ್ಡಿನ ಅಕ್ಷರಗಳಲ್ಲಿ ಒಂದೊಂದರ ಸರಿತಪ್ಪನ್ನೂ ಬೇರೆ ಬೇರೆಯಾಗಿ ಹೊರಗೆಡಹುವ ತಂತ್ರಾಂಶ ಎಷ್ಟು ದುರ್ಬಲವೋ ಬೀಗವೂ ಅಷ್ಟೇ ದುರ್ಬಲವೆಂಬುದನ್ನು ಮಹದೇವಪುರದ ಓದುಗರಿಗೆ ವಿಸ್ತರಿಸಿ ಹೇಳಬೇಕಾದುದಿಲ್ಲ.

ಬೆರಳಿನ ಭಾರ

ತತ್ತ್ವವು ಇಷ್ಟು ಸ್ಪಷ್ಟವಾಗಿರುವಾಗ ಬೀಗವೇಕೆ ಬಿಡುವುದಿಲ್ಲ? ನೂರಕ್ಕೆ ತೊಂಬತ್ತು ಸಂದರ್ಭಗಳಲ್ಲಿ ಎನ್ನುವಂತೆ, ತಿರುವುಕಡ್ಡಿಯ ಮೇಲೆ ಕೂತ ಬೆರಳಿನ ಭಾರದಿಂದ. ಎರಡು ಕಡ್ಡಿಗಳಲ್ಲಿ ಕಣ್ಸೆಳೆಯುವುದು ಪಿನ್ನುಗಳನ್ನು ಮುಟ್ಟುವ ಕೊಕ್ಕೆ. ವಿದ್ಯೆ ಇರುವುದು ಪ್ಲಗ್ಗನ್ನು ತಿರುವುವ ಇನ್ನೊಂದು ಕಡ್ಡಿಯಲ್ಲಿ, ಸಾಮಾನ್ಯವಾಗಿ ಟೆನ್ಷನ್ ಎನ್ನುವ ಆ ಒತ್ತಡದಲ್ಲಿ. ಒತ್ತಡ ಮಿತಿಮೀರಿದರೆ ಒಂದು ಪಿನ್ನಿನ ಬದಲು ಮೂರು ನಾಲ್ಕು ಒಟ್ಟಿಗೆ ಬಿಗಿಯುತ್ತವೆ. ಯಾವುದು ಮೊದಲನೆಯದೆಂಬ ಭೇದವೇ ಅಳಿದುಹೋಗುತ್ತದೆ. ನಾಡಿ ನೋಡುವ ವೈದ್ಯನು ಮಣಿಕಟ್ಟನ್ನು ಬಲವಾಗಿ ಅದುಮಿದರೆ ನಾಡಿಯೇ ನಿಂತಂತಾಗಿ ಅವನಿಗೆ ಏನೂ ತಿಳಿಯದು. ಇಲ್ಲಿಯೂ ಹಾಗೆಯೇ, ಹೆಚ್ಚು ಅದುಮಿದಷ್ಟೂ ಕಡಿಮೆ ತಿಳಿಯುತ್ತದೆ. ಅತಿಯಾದ ಒತ್ತಡದ ಲಕ್ಷಣಗಳನ್ನು ಗುರುತಿಸುವುದು ಕಷ್ಟವಲ್ಲ: ಎಲ್ಲ ಪಿನ್ನುಗಳೂ ಸಮಾನವಾಗಿ ಗಡುಸಾಗಿ ತೋರುತ್ತವೆ, ಕೊಕ್ಕೆ ಬಾಗುತ್ತದೆ, ಬೆರಳಿನ ತುದಿಯಲ್ಲಿ ಕಡ್ಡಿಯ ಅಚ್ಚು ಮೂಡುತ್ತದೆ. ಪರಿಹಾರವೆಂದರೆ, ಒತ್ತಡವನ್ನು ಪೂರ್ತಿ ಬಿಟ್ಟು, ಕಡ್ಡಿಯು ಜಾರಿಬೀಳದಷ್ಟು ಮಾತ್ರವೇ ಬೆರಳನ್ನು ಆನಿಸಿ, ಅಲ್ಲಿಂದ ಎಳ್ಳಷ್ಟೆಳ್ಳಷ್ಟಾಗಿ ಏರಿಸುತ್ತ ಬಂದು, ಯಾವುದಾದರೂ ಒಂದು ಪಿನ್ನು ಉಳಿದವಕ್ಕಿಂತ ಭಿನ್ನವಾಗಿ ತೋರಿದೊಡನೆ ನಿಲ್ಲುವುದು.

ಒತ್ತಡ ತೀರ ಕಡಿಮೆಯಾಗುವುದೂ ಉಂಟು. ಆಗ ಪಿನ್ನುಗಳೆಲ್ಲ ಎತ್ತಿದಷ್ಟೂ ಏರಿ, ಬಿಟ್ಟೊಡನೆ ಸ್ಪ್ರಿಂಗಿನ ಬಲದಿಂದ ಮರಳುತ್ತವೆ, ಒಂದೂ ಕೂರುವುದಿಲ್ಲ. ಇವೆರಡರ ನಡುವಣ ಹದವು ಬೀಗದಿಂದ ಬೀಗಕ್ಕೆ ಬೇರೆ. ಒಂದೇ ಬೀಗದಲ್ಲಿಯೂ ಮೊದಲ ಪಿನ್ನಿಗೆ ಬೇಕಾದುದು ಕೊನೆಯದಕ್ಕೆ ಬೇಕಾಗಲಾರದು. ಅದನ್ನು ಪುಸ್ತಕದಿಂದ ಕಲಿಯಲಾಗುವುದಿಲ್ಲವಾದರೂ, ಬೆರಳಿಗೆ ನಾಲ್ಕು ಸ್ಥಿತಿಗಳ ಭೇದವನ್ನು ಕಲಿಸಿಕೊಟ್ಟರೆ ಅರ್ಧ ದಾರಿ ಸವೆದಂತೆ. ಸ್ಪ್ರಿಂಗಿನ ಮೇಲೆ ಸಲೀಸಾಗಿ ಏರಿಳಿಯುವ ಪಿನ್ನು ಇನ್ನೂ ಸರದಿ ಬಾರದ್ದು. ಗಡುಸಾಗಿ ಎದುರೊತ್ತುವುದು ಬಿಗಿಪಿನ್ನು, ಕೆಲಸವಿರುವುದು ಅದರಲ್ಲಿ. ಸ್ಪ್ರಿಂಗಿನ ಒತ್ತು ಮೇಲಿಲ್ಲದೆ, ಸ್ವಲ್ಪ ಸಡಿಲವಾಗಿ ಕದಲುವುದು ಆಗಲೇ ಕೂತದ್ದು. ಅದನ್ನು ಮತ್ತೆ ಮುಟ್ಟಬಾರದು. ಕಲ್ಲಾಗಿ ನಿಂತು ಮೇಲಕ್ಕೂ ಕೆಳಕ್ಕೂ ಅಲುಗದಿರುವುದು ಮಿತಿಮೀರಿ ಏರಿದ್ದು.

ಈ ನಾಲ್ಕನೆಯದೇ ಹೊಸಬರ ಎರಡನೆಯ ಶತ್ರು. ಬಿಗಿಪಿನ್ನನ್ನು ಅವಸರದಿಂದ ಎತ್ತಿದಾಗ ಮೇಲ್ಪಿನ್ನು ಗಡಿಯನ್ನು ದಾಟಿಹೋಗುವುದಲ್ಲದೆ ಅದರ ಹಿಂದೆ ಕೆಳಪಿನ್ನೂ ನುಗ್ಗಿ ಗಡಿಯ ಮೇಲೆ ಅಡ್ಡವಾಗಿ ಸಿಕ್ಕಿಬೀಳುತ್ತದೆ. ಅದನ್ನು ಇನ್ನಷ್ಟು ಒತ್ತಿದರೆ ಇನ್ನಷ್ಟು ಸಿಕ್ಕಿಕೊಳ್ಳುತ್ತದೆಯೇ ಹೊರತು ಇಳಿಯುವುದಿಲ್ಲ. ಹಾಗೆಂದು ಸಿಟ್ಟಿನಿಂದ ಎರಡೂ ಕಡ್ಡಿಗಳನ್ನು ಕಿತ್ತೆಳೆದರೆ ಕೂತಿದ್ದ ಪಿನ್ನುಗಳೂ ಬಿದ್ದುಹೋಗುತ್ತವೆ. ಬೀಗವನ್ನು ಕಿವಿಯ ಬಳಿ ಹಿಡಿದು, ತಿರುವುಕಡ್ಡಿಯ ಒತ್ತಡವನ್ನು ಅತಿ ನಿಧಾನವಾಗಿ ಸಡಿಲಿಸುತ್ತ, ಸಣ್ಣದೊಂದು ‘ಟಿಕ್’ ಎಂಬ ಸದ್ದು ಬಂದೊಡನೆ ನಿಲ್ಲಿಸಿದರೆ, ಅನೇಕ ಸಲ ಆ ಒಂದೇ ಬಿದ್ದು ಉಳಿದವು ಕೂತಿರುತ್ತವೆ. ಒತ್ತಡವನ್ನು ಪೂರ್ತಿ ಬಿಡುವಾಗಲೂ ಸದ್ದುಗಳನ್ನು ಎಣಿಸುವ ಅಭ್ಯಾಸ ಹಿತಕರ. ಎಷ್ಟು ಪಿನ್ನುಗಳು ಕೂತಿದ್ದುವೆಂಬ ಲೆಕ್ಕ, ಸೋತ ಆಟದ ಕೊನೆಯಲ್ಲಿ, ಪುಕ್ಕಟೆಯಾಗಿ ಸಿಗುತ್ತದೆ.

ಹುಸಿ ಬಿಡುಗಡೆ

ಮೇಲಿನ ಹಂತಗಳನ್ನು ದಾಟಿದವನಿಗೆ ಮುಂದೆ ಕಾದಿರುವುದು ಬೀಗ ತಯಾರಕನ ಪ್ರಜ್ಞಾಪೂರ್ವಕವಾದ ಉಪಾಯ. ಪ್ಲಗ್ ಇದ್ದಕ್ಕಿದ್ದಂತೆ ಕೆಲವು ಡಿಗ್ರಿ ತಿರುಗುತ್ತದೆ, ‘ಬಿಟ್ಟಿತು’ ಎಂದು ಮನಸ್ಸು ಹಿಗ್ಗುತ್ತದೆ, ಅಲ್ಲಿಗೇ ನಿಂತುಬಿಡುತ್ತದೆ. ಮೇಲ್ಪಿನ್ನುಗಳಲ್ಲಿ ಒಂದೋ ಎರಡೋ ನಡುವಿನಲ್ಲಿ ಕಡೆದು ಸಣ್ಣಗೆ ಮಾಡಿ, ಎರಡು ತುದಿಗಳನ್ನು ಮಾತ್ರ ದಪ್ಪವಾಗಿ ಉಳಿಸಿದ ‘ಸ್ಪೂಲ್’ ಪಿನ್ನುಗಳಿದ್ದರೆ ಹೀಗಾಗುತ್ತದೆ. ಅದರ ಸಣ್ಣ ನಡು ಗಡಿರೇಖೆಗೆ ಬಂದಾಗ ಪ್ಲಗ್ಗಿಗೆ ಅಷ್ಟು ತಿರುಗಲು ಎಡೆ ದೊರೆಯುತ್ತದೆ, ದಪ್ಪನೆಯ ತುದಿ ಅಂಚಿಗೆ ತೊಡರಿ ಮುಂದೆ ಬಿಡುವುದಿಲ್ಲ. ಇಲ್ಲಿ ಬಲಪ್ರಯೋಗ ಮಾಡಿದವನು ಕಡ್ಡಿಯನ್ನು ಮುರಿದುಕೊಳ್ಳುತ್ತಾನೆ. ತಿಳಿದವನು ಆ ಪಿನ್ನನ್ನು ಹುಡುಕಿ ಮೃದುವಾಗಿ ಮೇಲೊತ್ತುತ್ತಾನೆ. ಒತ್ತಿದಾಗ ಪ್ಲಗ್ ಹಿಂದಕ್ಕೆ ತಿರುಗಲು ಯತ್ನಿಸುವುದು ತಿರುವುಬೆರಳಿಗೆ ಗೊತ್ತಾಗುತ್ತದೆ. ಆ ಹಿಂಚಲನೆಯೇ ಸರಿಯಾದ ಪಿನ್ನು ಸಿಕ್ಕಿತೆಂಬುದಕ್ಕೆ ಸಾಕ್ಷಿ. ಅದನ್ನು ತಡೆಯದೆ, ಒತ್ತಡವನ್ನು ಕೊಂಚ ಇಳಿಸಿ ಹಿಂದೆ ಸರಿಯಲು ಬಿಟ್ಟರೆ, ದಪ್ಪನೆಯ ತುದಿ ಅಂಚನ್ನು ದಾಟಿ ಮೇಲೇರುತ್ತದೆ. ಈ ಸಂದರ್ಭದಲ್ಲಿ ಮೊದಲೇ ಕೂತಿದ್ದ ಇನ್ನೊಂದು ಪಿನ್ನು ಬಿದ್ದರೂ ಬೀಳಬಹುದು. ಬಿದ್ದುದನ್ನು ಮತ್ತೆ ಕೂರಿಸಬೇಕು. ಗಳಿಸಿದ್ದರಲ್ಲಿ ಸ್ವಲ್ಪವನ್ನು ಬಿಟ್ಟುಕೊಡಲು ಒಪ್ಪದವನಿಗೆ ಈ ಜಾತಿಯ ಬೀಗ ಎಂದಿಗೂ ಬಿಡದು.

ಇನ್ನೊಂದು ಬಗೆಯ ಹುಸಿ ಬಿಡುಗಡೆಗೆ ಕಾರಣ ಬೀಗದ ಉಪಾಯವಲ್ಲ, ನಮ್ಮ ಅಜ್ಞಾನ. ತಪ್ಪು ದಿಕ್ಕಿಗೆ ತಿರುವಿದರೂ ಪಿನ್ನುಗಳೆಲ್ಲ ಕೂರಬಹುದು; ಪ್ಲಗ್ ತಿರುಗಿಯೂ ಬೀಗ ತೆರೆಯದು. ಆದುದರಿಂದ ಮೊದಲು ಬೀಗದಕೈಯಿಂದಲೇ ತೆರೆದು ದಿಕ್ಕನ್ನು ನೋಡಿಟ್ಟುಕೊಳ್ಳಬೇಕು. ನಮ್ಮ ಬಾಗಿಲುಗಳ ಅನೇಕ ಬೀಗಗಳು ಎರಡು ಸುತ್ತು ತಿರುಗಿ ಅಗುಳಿಯನ್ನು ಎರಡು ಹಂತದಲ್ಲಿ ಎಳೆಯುವಂಥವು. ಒಂದು ಸುತ್ತು ಪೂರ್ಣವಾಗುತ್ತಲೇ ಪಿನ್ನುಗಳೆಲ್ಲ ಮರಳಿ ಬಿದ್ದು, ಇಡೀ ಕಾರ್ಯವನ್ನು ಮತ್ತೊಮ್ಮೆ ಮೊದಲಿನಿಂದ ಮಾಡಬೇಕು. ಅರ್ಧ ಸುತ್ತಿನಲ್ಲಿ ಪ್ಲಗ್ ತಲೆಕೆಳಗಾದಾಗ, ಬೀಗದಕೈ ಹೋಗುವ ಸೀಳಿನ ತೆರೆದ ಬುಡಕ್ಕೆ ಮೇಲ್ಪಿನ್ನುಗಳು ಇಳಿದು ತಡೆಯುವುದೂ ಉಂಟು. ಕೊಕ್ಕೆಯ ಚಪ್ಪಟೆ ಬೆನ್ನನ್ನು ಅಲ್ಲಿ ಆನಿಸಿ ಅವನ್ನು ಮೇಲಕ್ಕೆ ತಳ್ಳಿ ದಾಟಿಸಬೇಕು. ಚಿತ್ರಗಳಲ್ಲಿ ಪಿನ್ನುಗಳು ಸೀಳಿನ ಮೇಲ್ಭಾಗದಲ್ಲಿರುವುದನ್ನು ಕಂಡವರು, ಅಪಾರ್ಟ್‌ಮೆಂಟಿನ ಬಾಗಿಲಿಗೆ ಹಾಕುವ ಉದ್ದನೆಯ ಸಿಲಿಂಡರಿನಲ್ಲಿ ಅವು ಕೆಳಭಾಗದಲ್ಲಿರುವುದನ್ನು ಅರಿಯದೆ ಬರಿಯ ಹಿತ್ತಾಳೆಯ ಗೋಡೆಯನ್ನು ಕೆದಕುತ್ತ ಕೂರುವುದನ್ನೂ ನೋಡಿದ್ದೇನೆ.

ಕಡ್ಡಿ, ಕೊಳೆ ಮತ್ತು ಗ್ರಾಫೈಟು

ಸಲಕರಣೆಗಳನ್ನು ದೂರುವುದು ಬಹಳ ಸಲ ಅನ್ಯಾಯವಾದರೂ ಎಲ್ಲ ಸಲವೂ ಅಲ್ಲ. ಸಾಮಾನ್ಯವಾದ ಕೊಕ್ಕೆಗಳ ದಪ್ಪ ಸುಮಾರು 0.6 ಮಿಲಿಮೀಟರ್, ಸೀಳು ಅಂಕುಡೊಂಕಾಗಿ ಇಕ್ಕಟ್ಟಾಗಿರುವ ಬೀಗಗಳಿಗೆ 0.4ರ ಆಸುಪಾಸಿನದು ಬೇಕಾಗುತ್ತದೆ. ದಪ್ಪನೆಯ ಕಡ್ಡಿಯು ಸೀಳಿನ ಗೋಡೆಗಳಿಗೆ ಉಜ್ಜುವಾಗ ಹುಟ್ಟುವ ಸದ್ದನ್ನೂ ಸ್ಪರ್ಶವನ್ನೂ ಪಿನ್ನಿನದೆಂದು ಭ್ರಮಿಸುವುದು ಸಹಜ. ತಿರುವುಕಡ್ಡಿಯನ್ನು ಸೀಳಿನ ನಡುವಿನವರೆಗೆ ತೂರಿಸಿ ಜಾಗವನ್ನೆಲ್ಲ ಅದಕ್ಕೇ ಕೊಟ್ಟರೆ ಕೊಕ್ಕೆ ಆಡುವುದೆಲ್ಲಿ? ಅದನ್ನು ಸೀಳಿನ ತೀರ ಅಂಚಿಗೆ ಕೂರಿಸಬೇಕು. ಅಗ್ಗದ ಕೊಕ್ಕೆಗಳ ಅಂಚಿನಲ್ಲಿ ಉಳಿದ ಒರಟನ್ನು ನುಣುಪಾದ ಎಮೆರಿ ಕಾಗದದಿಂದ ತಿಕ್ಕಿ ತೆಗೆದರೆ, ಹೊಸ ಕಡ್ಡಿ ಕೊಳ್ಳುವ ಖರ್ಚು ಬಹುಶಃ ಉಳಿಯುತ್ತದೆ.

ಬೀಗ ಹಳೆಯದಾಗಿದ್ದರೆ ಕೊಳೆಯ ಪ್ರಶ್ನೆ ಬರುತ್ತದೆ. ಹೊರವರ್ತುಲ ರಸ್ತೆಯ ಧೂಳು ಯಾವ ಕಿಂಡಿಯನ್ನೂ ಬಿಟ್ಟಿಲ್ಲ; ಅದರ ಮೇಲೆ ನಮ್ಮ ಮನೆಗಳಲ್ಲಿ ಬೀಗ ಬಿಗಿಯಾದೊಡನೆ ಅಡುಗೆಮನೆಯಿಂದ ಕೊಬ್ಬರಿ ಎಣ್ಣೆಯನ್ನು ತಂದು ತೊಟ್ಟಿಕ್ಕಿಸುವ ಪದ್ಧತಿ. ಎಣ್ಣೆ ಮೊದಲ ದಿನ ಹಿತವೆನಿಸಿ, ಕ್ರಮೇಣ ಧೂಳನ್ನು ಹಿಡಿದು ಜಿಗುಟಾಗಿ, ಪಿನ್ನುಗಳನ್ನು ಕುಳಿಗಳಲ್ಲಿಯೇ ಅಂಟಿಸಿಬಿಡುತ್ತದೆ. ಎತ್ತಿದ ಪಿನ್ನು ಕೆಳಗಿಳಿಯದಿದ್ದರೆ ಅದು ಕೂತದ್ದೋ ಅಂಟಿದ್ದೋ ಎಂಬ ವಿವೇಚನೆ ಅಸಾಧ್ಯವಾಗುತ್ತದೆ. ಒತ್ತಡವನ್ನೇ ಕೊಡದೆ ಒಂದೊಂದು ಪಿನ್ನನ್ನೂ ಎತ್ತಿ ಬಿಟ್ಟು ನೋಡಿದರೆ ಸಂಶಯ ಪರಿಹಾರವಾಗುತ್ತದೆ: ಒತ್ತಡವಿಲ್ಲದಾಗಲೂ ಇಳಿಯದಿರುವುದು ಕೊಳೆಯ ದೋಷ. ಬೀಗಕ್ಕೆ ಹಿಂದಿನಿಂದ ಬಂದ ಒಣ ಸ್ನೇಹದ್ರವ್ಯವೆಂದರೆ ನುಣ್ಣಗೆ ಪುಡಿಮಾಡಿದ ಗ್ರಾಫೈಟು. ಮಹದೇವಪುರದ ನಿವಾಸಿಗೆ ಆ ಹೆಸರು ಅಪರಿಚಿತವಲ್ಲ. ವಿದ್ಯುತ್ ಕುಲುಮೆಗಳಿಗೆ ಬೇಕಾದ ಗ್ರಾಫೈಟು ವಿದ್ಯುದಗ್ರಗಳನ್ನು ತಯಾರಿಸುತ್ತಿದ್ದ ಗ್ರಾಫೈಟ್ ಇಂಡಿಯಾ ಕಾರ್ಖಾನೆ, ಕರಿಧೂಳಿನ ಬಗೆಗೆ ನೆರೆಯವರ ದೀರ್ಘವಾದ ದೂರು ವ್ಯಾಜ್ಯಗಳ ಅನಂತರ 2019ರಲ್ಲಿ ಮುಚ್ಚಿದರೂ, ಅಲ್ಲಿನ ವೃತ್ತಕ್ಕೆ ಇಂದಿಗೂ ಅದರದೇ ಹೆಸರು. ಮಾಳಿಗೆಯ ಮೇಲೆ ಬೇಡವಾಗಿದ್ದ ಆ ವಸ್ತುವೇ ಬೀಗದೊಳಗೆ ಚಿಟಿಕೆಯಷ್ಟು ಹೋದರೆ ಉಪಕಾರಿ. ಆದರೆ ಎಣ್ಣೆ ಹಾಕಿದ ಬೀಗಕ್ಕೆ ಅದನ್ನು ಹಾಕಲಾಗದು. ಎರಡೂ ಬೆರೆತು ಕರಿಯ ರಾಡಿಯಾಗುತ್ತದೆ. ಮೊದಲು ದ್ರಾವಕದಿಂದ ತೊಳೆದು ಒಣಗಿಸಿ, ಅನಂತರ ಪುಡಿಯನ್ನು ಹಾಕಬೇಕು.

ಬಿಚ್ಚಬಲ್ಲ ಸಿಲಿಂಡರು ದೊರೆತರೆ ಅಭ್ಯಾಸಕ್ಕೆ ಅದಕ್ಕಿಂತ ಉತ್ತಮವಾದುದಿಲ್ಲ. ಒಂದನ್ನುಳಿದು ಎಲ್ಲ ಪಿನ್ನುಗಳನ್ನೂ ತೆಗೆದು, ಆ ಒಂದನ್ನು ಬಿಡಿಸುವುದು ರೂಢಿಯಾದ ಮೇಲೆ ಎರಡು, ಅನಂತರ ಮೂರು ಎಂದು ಏರಿಸುತ್ತ ಹೋದರೆ, ಐದರ ಗೊಂದಲದಲ್ಲಿ ಒಮ್ಮೆಲೇ ಮುಳುಗುವುದು ತಪ್ಪುತ್ತದೆ. ಬಿಚ್ಚುವಾಗ ಪ್ಲಗ್ಗನ್ನು ಸುಮ್ಮನೆ ಎಳೆದರೆ ಮೇಲ್ಪಿನ್ನುಗಳೂ ಸ್ಪ್ರಿಂಗುಗಳೂ ಹಾರಿ ಸೋಫಾದ ಅಡಿಯನ್ನು ಸೇರುತ್ತವೆ. ಪ್ಲಗ್ಗಿನಷ್ಟೇ ದಪ್ಪನೆಯ ದುಂಡು ಮರದ ಕಡ್ಡಿಯೊಂದನ್ನು ಹಿಂದಿನಿಂದ ತಳ್ಳುತ್ತ, ಅದರ ಬೆನ್ನ ಮೇಲೆ ಮೇಲ್ಪಿನ್ನುಗಳನ್ನು ತಡೆದು ನಿಲ್ಲಿಸಿ, ಪ್ಲಗ್ಗನ್ನು ಮುಂದಿನಿಂದ ಹೊರತರಬೇಕು. ಅಂಚುಳ್ಳ ತಟ್ಟೆಯಲ್ಲಿ ಕೆಲಸ ಮಾಡುವುದು ಕ್ಷೇಮ. ಒಂದೇ ಬೀಗವನ್ನು ನೂರು ಸಲ ಬಿಡಿಸಿದವನ ಬೆರಳು ಪಿನ್ನುಗಳ ಸರದಿಯನ್ನು ಕಂಠಪಾಠ ಮಾಡಿಬಿಡುತ್ತದೆ; ಅದು ಸ್ಮರಣೆಯೇ ಹೊರತು ವಿದ್ಯೆಯಲ್ಲ. ಆಗ ಪಿನ್ನುಗಳ ಸ್ಥಾನವನ್ನು ಅದಲುಬದಲು ಮಾಡಿದರೆ ಹಳೆಯ ಬೀಗವೇ ಹೊಸದಾಗುತ್ತದೆ.

ಕೊಡೆಯ ಕೆಳಗಿನ ಗುರು

ಇಷ್ಟೆಲ್ಲ ಓದಿ ತಿಳಿಯುವುದಕ್ಕಿಂತ ಕೃಷ್ಣರಾಜಪುರದ ಪೇಟೆಬೀದಿಯಲ್ಲಿ ಬಣ್ಣಗೆಟ್ಟ ಕೊಡೆಯ ಕೆಳಗೆ ಕುಳಿತು ಡೂಪ್ಲಿಕೇಟ್ ಕೀ ಮಾಡಿಕೊಡುವವರ ಕೈಯನ್ನು ಹತ್ತು ನಿಮಿಷ ನೋಡುವುದು ಹೆಚ್ಚು ಉಪಯುಕ್ತವಾದೀತು. ಕೀಲಿ ಕಳೆದುಕೊಂಡು ಬೀಗವನ್ನಷ್ಟೇ ತಂದ ಗಿರಾಕಿಗೆ ಅವರು ಮಾಡುವುದು ಹೀಗೆ. ಕೊರೆಯದ ಬರಿಯ ಕೀಯ ಅಂಚನ್ನು ಅರದಿಂದ ಉಜ್ಜಿ ಹೊಳಪು ಬರಿಸಿ, ಬೀಗಕ್ಕೆ ತೂರಿಸಿ, ಇಕ್ಕಳದಲ್ಲಿ ಹಿಡಿದು ಹಗುರವಾಗಿ ತಿರುವಿದ ಸ್ಥಿತಿಯಲ್ಲಿಯೇ ಮೇಲೆ ಕೆಳಗೆ ಅಲುಗಿಸುತ್ತಾರೆ. ಹೊರಗೆಳೆದು ಬೆಳಕಿಗೆ ಓರೆಯಾಗಿ ಹಿಡಿದಾಗ, ಬಿಗಿದಿದ್ದ ಪಿನ್ನು ಒತ್ತಿದೆಡೆ ಸಾಸಿವೆಗಿಂತ ಸಣ್ಣದಾದ ಮಂಕು ಚುಕ್ಕೆಯೊಂದು ಕಾಣುತ್ತದೆ. ಅಲ್ಲಿ ಅರದ ಒಂದೆರಡು ಎಳೆತ, ಮತ್ತೆ ಬೀಗಕ್ಕೆ. ಪಿನ್ನು ಗಡಿಗೆ ಬಂದು ಸೇರಿದಾಗ ಆ ಎಡೆಯಲ್ಲಿ ಗುರುತು ಬೀಳುವುದು ನಿಲ್ಲುತ್ತದೆ. ಬೇರೊಂದೆಡೆ ಬೀಳಲು ತೊಡಗುತ್ತದೆ. ಹೀಗೆ ಬೀಗದಿಂದಲೇ ಹೇಳಿಸಿಕೊಂಡು ಅದರ ಕೈಯನ್ನು ಕಡೆದುಮುಗಿಸುತ್ತಾರೆ. ಅವಸರಪಟ್ಟ ಗಿರಾಕಿಯೊಬ್ಬರಿಗೆ ಅಂಥವರೊಬ್ಬರು ಹೇಳಿದ ಮಾತು ಇಷ್ಟೆ: “ಬಲ ಹಾಕಿದ್ರೆ ಕೀ ಮುರೀತದೆ ಸಾರ್, ಬೀಗ ಬಿಡಲ್ಲ.” ಮೇಲಿನ ಪುಟಗಳ ಸಾರವನ್ನು ಇದಕ್ಕಿಂತ ಸಂಕ್ಷೇಪವಾಗಿ ಹೇಳುವುದು ಕಷ್ಟ.

ತಿಳಿವಳಿಕೆಯ ಹಂಚಿಕೆ

ಇಂಥ ವಿದ್ಯೆಯನ್ನು ಬಹಿರಂಗವಾಗಿ ಬರೆಯಬಹುದೇ ಎಂಬ ಶಂಕೆ ಸಹಜವಾದುದು, ಹಳೆಯದೂ ಹೌದು. ಶೂದ್ರಕನ ‘ಮೃಚ್ಛಕಟಿಕ’ದಲ್ಲಿ ಚಾರುದತ್ತನ ಮನೆಗೆ ಕನ್ನವಿಕ್ಕುವ ಶರ್ವಿಲಕನು, ಜನಿವಾರದ ಪ್ರಯೋಜನಗಳನ್ನು ಎಣಿಸುತ್ತ, ಯಂತ್ರದಿಂದ ಭದ್ರಪಡಿಸಿದ ಕದವನ್ನು ತೆರೆಯುವುದಕ್ಕೂ ಅದು ಒದಗುತ್ತದೆಂದು ಕೊಚ್ಚಿಕೊಳ್ಳುತ್ತಾನೆ. ಲಂಡನ್ನಿನ ಜೋಸೆಫ್ ಬ್ರಾಮಾ 1784ರಲ್ಲಿ ಹಕ್ಕುಪತ್ರ ಪಡೆದ ಬೀಗದ ಮಾದರಿಯೊಂದು, ಬಿಡಿಸಿದವರಿಗೆ 200 ಗಿನಿಗಳ ಬಹುಮಾನವೆಂಬ ಸವಾಲಿನೊಡನೆ, ಪಿಕಡಿಲಿಯ ಅಂಗಡಿಯ ಕಿಟಕಿಯಲ್ಲಿ ದಶಕಗಳ ಕಾಲ ಅಜೇಯವಾಗಿ ನಿಂತಿತ್ತು. 1851ರ ಮಹಾಪ್ರದರ್ಶನಕ್ಕೆ ಅಮೆರಿಕದಿಂದ ಬಂದ ಆಲ್ಫ್ರೆಡ್ ಚಾರ್ಲ್ಸ್ ಹಾಬ್ಸ್, ಚಬ್ ಸಂಸ್ಥೆಯ ಹೆಸರಾಂತ ಬೀಗವನ್ನು 25 ನಿಮಿಷಗಳಲ್ಲಿ ಬಿಡಿಸಿ, ಬ್ರಾಮಾ ಬೀಗವನ್ನು 16 ದಿನಗಳಲ್ಲಿ ಹಂಚಿಹೋದ 51 ಗಂಟೆಗಳ ಶ್ರಮದಿಂದ ತೆರೆದಾಗ, ಇಂಗ್ಲೆಂಡಿನ ಜನ ತಮ್ಮ ಬಾಗಿಲುಗಳತ್ತ ದಿಗಿಲಿನಿಂದ ನೋಡಿದರು. ಎರಡು ವರ್ಷಗಳ ಅನಂತರ ಚಾರ್ಲ್ಸ್ ಟಾಮ್ಲಿನ್ಸನ್ ಹೊರತಂದ ಬೀಗಗಳ ಕುರಿತ ಗ್ರಂಥವು ಆ ದಿಗಿಲಿಗೆ ಉತ್ತರ ಕೊಟ್ಟಿತು: ದುಷ್ಟರು ಈ ಸಂಗತಿಗಳನ್ನು ಮೊದಲೇ ಬಲ್ಲರು, ಬೀಗವನ್ನು ನಂಬಿ ಮಲಗುವವನಿಗೆ ಮಾತ್ರ ಅವು ತಿಳಿಯದೆ ಉಳಿದಿವೆ. ಹಾಬ್ಸನ ವಿಜಯದಿಂದ ಬೀಗದ ಉದ್ಯಮ ಕೆಡಲಿಲ್ಲ. ತಯಾರಕರು ತಮ್ಮ ಬೀಗಗಳನ್ನು ತಿದ್ದಿಕೊಂಡರು.

ನಮ್ಮ ಕಾನೂನಿನ ದೃಷ್ಟಿಯೂ ವಿದ್ಯೆಯ ಮೇಲಲ್ಲ, ಉದ್ದೇಶದ ಮೇಲೆ ನಿಂತಿದೆ. 1860ರ ದಂಡಸಂಹಿತೆಯ ಸ್ಥಾನದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯು ಮನೆಮುರಿಯನ್ನೂ, ಅಪ್ರಾಮಾಣಿಕ ಉದ್ದೇಶದಿಂದ ಮುಚ್ಚಿದ ಪೆಟ್ಟಿಗೆಯನ್ನು ಒಡೆಯುವುದನ್ನೂ ಅಪರಾಧವೆನ್ನುತ್ತದೆ. ಆದರೂ ಇರುಳಿನಲ್ಲಿ ಬೀದಿಯಲ್ಲಿ ಜೇಬಿನ ತುಂಬ ಇಂಥ ಕಡ್ಡಿಗಳನ್ನಿಟ್ಟುಕೊಂಡು ಅಲೆಯುವವನು ಪೊಲೀಸರಿಗೆ ತೃಪ್ತಿಕರವಾದ ಕಾರಣವನ್ನು ಹೇಳಬೇಕಾಗಿ ಬರುತ್ತದೆಂಬುದನ್ನು ಮರೆಯಲಾಗದು. ಕಡ್ಡಿಗಳ ಸ್ಥಾನ ಮನೆಯ ಮೇಜು. ಮಹದೇವಪುರದಲ್ಲಿ ಈ ವಿನೋದಕ್ಕೆ ತೊಡಗುವವರಲ್ಲಿ ಅನೇಕರು ಬಾಡಿಗೆದಾರರು, ಇಲ್ಲವೆ ಪೇಯಿಂಗ್ ಗೆಸ್ಟುಗಳು. ಅವರು ನಿತ್ಯ ತೆರೆದು ಹಾಕುವ ಬಾಗಿಲ ಬೀಗ ಮನೆಯ ಮಾಲೀಕರದು, ಪಕ್ಕದ ಬೀರು ಸಹವಾಸಿಯದು. ಅಂಗಡಿಯಿಂದ ತಂದು ಮೇಜಿನ ಮೇಲಿಟ್ಟ ಬೀಗವೊಂದೇ ನಿಸ್ಸಂದೇಹವಾಗಿ ಅವರದು.

ಬೀಗವೆಂಬುದು ಕಳ್ಳನನ್ನು ಸರ್ವಕಾಲಕ್ಕೂ ತಡೆಯುವ ಗೋಡೆಯಲ್ಲ, ಕೆಲವು ನಿಮಿಷಗಳನ್ನು ಮನೆಯವನ ಪರವಾಗಿ ಕೊಂಡುಕೊಡುವ ಸಾಧನವೆಂಬ ಅರಿವು ಈ ಅಭ್ಯಾಸದ ನಿಜವಾದ ಫಲ. ಆ ಅರಿವಿನಿಂದ ಒಂದು ವ್ಯಾವಹಾರಿಕ ಪ್ರಯೋಜನವೂ ಉಂಟು. ಬೆರಳಚ್ಚಿಗೂ ಅಂಕಿಸಂಕೇತಕ್ಕೂ ತೆರೆಯುವ ಎಲೆಕ್ಟ್ರಾನಿಕ್ ಬೀಗವನ್ನು ಸಾವಿರಾರು ರೂಪಾಯಿ ತೆತ್ತು ಹಾಕಿಸಿಕೊಂಡವರು ತಮ್ಮ ಬಾಗಿಲನ್ನು ಇಂದೇ ಒಮ್ಮೆ ಪರೀಕ್ಷಿಸಲಿ. ಬ್ಯಾಟರಿ ಕೈಕೊಟ್ಟಾಗ ಇರಲೆಂದು ಅಂಥ ಅನೇಕ ಬೀಗಗಳಲ್ಲಿ ಸಣ್ಣ ಮುಚ್ಚಳದ ಹಿಂದೆ ಮಾಮೂಲಿನ ಕೀಲಿಯ ಸಿಲಿಂಡರೊಂದನ್ನು ಅಡಗಿಸಿಟ್ಟಿರುತ್ತಾರೆ. ಬಾಗಿಲಿನ ಭದ್ರತೆ ಆ ಸಿಲಿಂಡರಿನಷ್ಟೇ, ಅದಕ್ಕಿಂತ ಒಂದು ಗುಲಗಂಜಿಯಷ್ಟೂ ಹೆಚ್ಚಲ್ಲ. ಅದರೊಳಗೆ ಪಿನ್ನುಗಳೆಷ್ಟು, ಅವುಗಳಲ್ಲಿ ಸ್ಪೂಲ್ ಪಿನ್ನು ಇದೆಯೇ ಎಂದು ಮಾರಿದವರನ್ನು ಕೇಳಬೇಕು. ಉತ್ತರ ಬಾರದಿದ್ದರೆ ಆ ಸಿಲಿಂಡರನ್ನು ಬದಲಿಸಿಕೊಡುವಂತೆ ಒತ್ತಾಯಿಸಬೇಕು.